ದುರ್ಬೀನಿನ ನಡುಗೀಲು

ಎರಡು ಕಣ್ಣಿನಿಂದ ನೋಡುವ ಯಾವ ಉಪಕರಣದಲ್ಲೇ ಆಗಲಿ, ಅದರ ಎರಡು ನೇತ್ರಮಸೂರಗಳ ನಡುವಿನ ಅಂತರ ನೋಡುವವರ ಎರಡು ಕಣ್ಪಾಪೆಗಳ ಅಂತರಕ್ಕೆ ಹೊಂದಬೇಕು. ವಯಸ್ಕರಲ್ಲಿ ಈ ಅಂತರದ ಸರಾಸರಿ ಸುಮಾರು 63 ಮಿಲಿಮೀಟರು. ಆದರೆ ಎದುರಿಗಿರುವ ಮುಖಕ್ಕೆ ಸರಾಸರಿಯಿಂದ ಉಪಯೋಗವಿಲ್ಲ. 50ರಿಂದ 75 ಮಿ.ಮೀ. ತನಕ ಅದು ಜನರಿಂದ ಜನರಿಗೆ ಬದಲಾಗುತ್ತದೆ. ಬೈನಾಕ್ಯುಲರಿನ ಎರಡು ನಳಿಗೆಗಳನ್ನು ಸೇರಿಸಿರುವ ನಡುಗೀಲು ಇರುವುದು ಇದಕ್ಕಾಗಿಯೇ. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದಲ್ಲಿ ಒಂದೇ ಬೈನಾಕ್ಯುಲರು ಕೈಯಿಂದ ಕೈಗೆ ದಾಟುವಾಗ, ಪಡೆದವರು ಮೊದಲು ಅದನ್ನು ಒಂದಿಷ್ಟು ಮಡಿಸುತ್ತಾರೆ ಇಲ್ಲವೇ ಅಗಲಿಸುತ್ತಾರೆ. ನೋಡುವುದಕ್ಕೆ ಇಷ್ಟು ಸರಳವಾದ ಈ ಏರ್ಪಾಡು ಗಟ್ಟಿಯಾಗಿ ನೆಲೆಗೊಳ್ಳಲು ಮುನ್ನೂರು ವರ್ಷಕ್ಕೆ ತುಸು ಕಡಿಮೆ ಕಾಲ ಹಿಡಿಯಿತು.

ಎರಡು ಕಣ್ಣಿನ ದುರ್ಬೀನಿನ ಬೇಡಿಕೆ ಒಂಟಿ ದುರ್ಬೀನಿನಷ್ಟೇ ಹಳೆಯದು. 1608ರ ಅಕ್ಟೋಬರಿನಲ್ಲಿ ಮಿಡಲ್‌ಬರ್ಗ್‌ನ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಹೇ ದೂರದರ್ಶಕದ ಪೇಟೆಂಟಿಗಾಗಿ ಡಚ್ ಸರ್ಕಾರಕ್ಕೆ ಅರ್ಜಿ ಹಾಕಿದ. ಪರಿಶೀಲನೆಗೆ ಕುಳಿತವರು, ಎರಡು ಕಣ್ಣಿಗೂ ಹೊಂದುವಂತೆ ಮಾಡಿಕೊಡು ಎಂದರು. ಅವನು ಮಾಡಿಕೊಟ್ಟ, ಹಣವನ್ನೂ ಪಡೆದ. ಪೇಟೆಂಟು ಮಾತ್ರ ಸಿಗಲಿಲ್ಲ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕಿರಿದಾಗಿಸಿ ನೋಡುವುದು ದಣಿವಿನ ಕೆಲಸ ಎಂಬುದು ಉಪಕರಣ ಹುಟ್ಟಿದ ವರ್ಷವೇ ಜನರಿಗೆ ಹೊಳೆದಿತ್ತು.

ಅಂತರ ಹೊಂದಿಸುವ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಕ್ರೈಸ್ತ ಸನ್ಯಾಸಿಗಳು. ಕಪುಚಿನ್ ಪಂಥದ ಶೈರ್ಲ್ ದ ರೈಟಾ 1645ರಲ್ಲಿ ಜೋಡಿ ದೂರದರ್ಶಕದ ಬಗ್ಗೆ ಬರೆದ. ಅದೇ ಪಂಥದ ಫ್ರೆಂಚ್ ಸನ್ಯಾಸಿ ಶೆರುಬಿನ್ ದೊರ್ಲೆಯಾಂ 1671ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ವಿವರಿಸಿದ. ಪೆಟ್ಟಿಗೆಯಾಕಾರದ ಅವನ ಉಪಕರಣಗಳಲ್ಲಿ ತಿರುಪು ತಿರುಗಿಸಿ ನಳಿಗೆಗಳನ್ನು ಹತ್ತಿರಕ್ಕೂ ದೂರಕ್ಕೂ ಸರಿಸಬಹುದಿತ್ತು. ವಿಚಾರ ಸರಿಯಾಗಿಯೇ ಇತ್ತು. ಆದರೆ ಅಷ್ಟು ಉದ್ದದ ಎರಡು ನಳಿಗೆಗಳನ್ನು ಸದಾ ಸಮಾಂತರವಾಗಿ ಹಿಡಿದಿಡುವ ಲೋಹದ ಕೆಲಸ ಆ ಕಾಲದ ಕಾರ್ಖಾನೆಗಳಿಗೆ ಭಾರವಾಗಿತ್ತು. ಮುಂದಿನ ನೂರಾರು ವರ್ಷ ಖಗೋಳ ವೀಕ್ಷಕರೂ ನಾವಿಕರೂ ಒಂಟಿ ನಳಿಗೆಯಲ್ಲೇ ತೃಪ್ತರಾದರು.

1823ರಲ್ಲಿ ವಿಯೆನ್ನಾದ ಫೋಯ್ಟ್‌ಲೆಂಡರ್ ಎರಡು ಪುಟ್ಟ ನಳಿಗೆಗಳನ್ನು ಸೇರಿಸಿ ನಾಟಕಮಂದಿರದ ದುರ್ಬೀನಿಗೆ ಪೇಟೆಂಟು ಪಡೆದ. ಎರಡು ವರ್ಷದ ನಂತರ ಪ್ಯಾರಿಸಿನ ಲೆಮಿಯೇರ್ ಎರಡೂ ನಳಿಗೆಗಳನ್ನು ಒಟ್ಟಿಗೆ ಫೋಕಸ್ ಮಾಡುವ ನಡುಚಕ್ರವನ್ನು ತಂದ. ಇಂಥ ದುರ್ಬೀನುಗಳು ಯುರೋಪಿನಲ್ಲಿ ಲಕ್ಷಗಟ್ಟಲೆ ಮಾರಾಟವಾದವು. ಅವುಗಳಲ್ಲಿ ಹೆಚ್ಚಿನವು ಬಿಗಿಯಾದ ಅಡ್ಡಪಟ್ಟಿಯಿಂದ ಸೇರಿದ್ದು, ಅಂತರ ಬದಲಾಗುತ್ತಿರಲಿಲ್ಲ. ಫಿಲಿಪ್ ಮೆಡೋಸ್ ಟೇಲರ್ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ 1840ರ ದಶಕದಲ್ಲಿ ಜೋಡಿ ದುರ್ಬೀನು ಎಂದರೆ ಈ ಬಗೆಯದೇ. ತಿಂಥಣಿಯ ಮೌನೇಶ್ವರ ಜಾತ್ರೆಯಂಥ ಜಾತ್ರೆಗಳ ಆಟಿಕೆ ಅಂಗಡಿಯಲ್ಲಿ ತೂಗುಹಾಕುವ ಪ್ಲಾಸ್ಟಿಕ್ ದುರ್ಬೀನುಗಳಲ್ಲಿ ಬಹುಪಾಲು ಇಂದಿಗೂ ಆ ವಂಶದವೇ: ಮುಂದೆ ಉಬ್ಬು ಮಸೂರ, ಹಿಂದೆ ತಗ್ಗು ಮಸೂರ.

ಅಂತರ ಹೊಂದದಿದ್ದರೂ ಈ ದುರ್ಬೀನುಗಳು ನಡೆದುಹೋದದ್ದಕ್ಕೆ ಕಾರಣವಿದೆ, ಅದನ್ನು ಬಿಡಿಸಿ ಹೇಳಬೇಕು. ದೂರದರ್ಶಕದಿಂದ ಹೊರಬರುವ ಬೆಳಕೆಲ್ಲ ಒಂದು ಪುಟ್ಟ ವೃತ್ತದ ಮೂಲಕ ಹಾಯುತ್ತದೆ. ಇದಕ್ಕೆ ನಿರ್ಗಮ ಪಾಪೆ ಎನ್ನಬಹುದು. ಹೀಗೆ ಮುಂದೆ ಉಬ್ಬು, ಹಿಂದೆ ತಗ್ಗು ಮಸೂರವಿರುವ ಗೆಲಿಲಿಯೋ ಬಗೆಯ ದುರ್ಬೀನಿನಲ್ಲಿ ಈ ವೃತ್ತ ನಳಿಗೆಯ ಒಳಗಡೆ ಇರುವಂತೆ ತೋರುತ್ತದೆ, ಕಣ್ಣನ್ನು ಅಲ್ಲಿಗೆ ತರಲಾಗುವುದಿಲ್ಲ. ಹಾಗಾಗಿ ಕಣ್ಣು ನಾಲ್ಕೈದು ಮಿಲಿಮೀಟರು ಅತ್ತಿತ್ತ ಸರಿದರೂ ನೋಟದ ಅಂಚು ಕತ್ತರಿಸುತ್ತದೆ, ಚಿತ್ರ ಪೂರ್ತಿ ಮಾಯವಾಗುವುದಿಲ್ಲ. ಕೆಪ್ಲರ್ 1611ರಲ್ಲಿ ಸೂಚಿಸಿದ, ಎರಡೂ ಕಡೆ ಉಬ್ಬು ಮಸೂರವಿರುವ ಬಗೆಯಲ್ಲಿ ಈ ವೃತ್ತ ನೇತ್ರಮಸೂರದ ಹಿಂದೆ, ಗಾಳಿಯಲ್ಲಿ ನಿಲ್ಲುತ್ತದೆ. ಕಣ್ಪಾಪೆ ಸರಿಯಾಗಿ ಅದರ ಮೇಲೆ ಕೂರಬೇಕು. 8×30 ಬೈನಾಕ್ಯುಲರಿನಲ್ಲಿ ಅದರ ವ್ಯಾಸ 30ನ್ನು 8ರಿಂದ ಭಾಗಿಸಿದಷ್ಟು, ಅಂದರೆ 3.75 ಮಿ.ಮೀ. ಬಿಸಿಲಿನಲ್ಲಿ ಕಣ್ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ. ಅಂತರ ಐದು ಮಿಲಿಮೀಟರು ತಪ್ಪಿದರೆ ಒಂದು ಕಣ್ಣಿಗೆ ಕಪ್ಪು ನೆರಳೇ ಗತಿ. ಹೀಗೆ ನೋಟ ಅಗಲವಾಗಿ ಚಿತ್ರ ಒಳ್ಳೆಯದಾದ ಹೊತ್ತಿಗೇ ಅಂತರ ಹೊಂದಿಸುವುದು ಅನಿವಾರ್ಯವಾಯಿತು.

ಕೆಪ್ಲರ್ ಬಗೆಯ ಇನ್ನೊಂದು ತೊಡಕು ತಲೆಕೆಳಗಾದ ಚಿತ್ರ. ಇಟಲಿಯ ಇಗ್ನಾಟ್ಸಿಯೊ ಪೊರ್ರೊ 1854ರಲ್ಲಿ ಎರಡು ಪ್ರಿಸಂಗಳಿಂದ ಅದನ್ನು ನೇರ ಮಾಡುವ ವಿಧಾನಕ್ಕೆ ಪೇಟೆಂಟು ಪಡೆದ. ಗಾಜು ಒಳ್ಳೆಯದಾಗಿರಲಿಲ್ಲ, ವಿಚಾರ ಕಾಯಬೇಕಾಯಿತು. ಜರ್ಮನಿಯ ಯೇನಾದಲ್ಲಿ ಎರ್ನ್ಸ್ಟ್ ಅಬ್ಬೆ ಹೊಸ ಗಾಜಿನ ಬೆಂಬಲದಿಂದ ಅದನ್ನು ಮತ್ತೆ ಎತ್ತಿಕೊಂಡ. 1894ರಲ್ಲಿ ಝೈಸ್ ಕಂಪನಿಯ ಪ್ರಿಸಂ ಬೈನಾಕ್ಯುಲರು ಮಾರುಕಟ್ಟೆಗೆ ಬಂತು: ಗಿಡ್ಡ ನಳಿಗೆಗಳು, ನೇತ್ರಮಸೂರಗಳಿಗಿಂತ ದೂರ ದೂರ ಕೂತ ಮುಂಬದಿಯ ವಸ್ತುಮಸೂರಗಳು, ನಡುವೆ ಒಂದು ಕೀಲು. ಪೇಟೆಂಟು ಇದ್ದದ್ದು ವಸ್ತುಮಸೂರಗಳ ಅಗಲ ಅಂತರಕ್ಕೆ. 1908ರಲ್ಲಿ ಅದು ಮುಗಿದ ಮೇಲೆ ಉಳಿದ ತಯಾರಕರೆಲ್ಲ ಇದೇ ಆಕಾರವನ್ನು ಹಿಡಿದರು.

ಆ ಕೀಲಿನ ಗುಣವೇನೆಂದರೆ, ನಳಿಗೆಗಳು ಅದರ ಸುತ್ತ ಕಮಾನಿನಂತೆ ತಿರುಗಿದಾಗ ನೇತ್ರಮಸೂರಗಳು ಹತ್ತಿರವಾಗುತ್ತವೆ, ನಳಿಗೆಗಳ ದಿಕ್ಕು ಮಾತ್ರ ಬದಲಾಗುವುದಿಲ್ಲ. ನಳಿಗೆ ತನ್ನ ಸುತ್ತ ಹೊರಳಿದರೂ ಒಳಗಿನ ಚಿತ್ರ ವಾಲುವುದಿಲ್ಲ. ಶೆರುಬಿನ್‌ನ ತಿರುಪುಗಳು ಕಷ್ಟದಿಂದ ಮಾಡಿದ್ದನ್ನು ಒಂದು ಸರಳು ಮಾಡಿಬಿಡುತ್ತದೆ. ಬೈನಾಕ್ಯುಲರಿನ ಇತಿಹಾಸದಲ್ಲಿ ಪ್ರಿಸಂಗೆ ಸಿಕ್ಕಷ್ಟು ಗೌರವ ಈ ಸರಳಿಗೂ ಸಿಗಬೇಕಿತ್ತು.

ಆದರೆ ಅದು ನಿಖರತೆ ಕೇಳುತ್ತದೆ. ಕೀಲಿನ ಅಕ್ಷ ಎರಡೂ ನಳಿಗೆಗಳ ದೃಕ್ ಅಕ್ಷಕ್ಕೆ ಸಮಾಂತರವಾಗಿರಬೇಕು. ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರಿನಲ್ಲಿ ಒಂದು ನಳಿಗೆ ಒಂದು ಕಲೆಯಷ್ಟು, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು, ವಾಲಿದರೆ ಕಣ್ಣಿನ ಮುಂದಿನ ಚಿತ್ರ ಸುಮಾರು ಏಳು ಕಲೆ ಸರಿಯುತ್ತದೆ. ಒಳಮುಖದ ತಪ್ಪನ್ನು ಕಣ್ಣುಗಳು ಒಂದಿಷ್ಟು ಸಹಿಸುತ್ತವೆ. ಹೊರಮುಖದ ಅಥವಾ ಮೇಲು ಕೆಳಗಿನ ತಪ್ಪು ಸ್ವಲ್ಪವಿದ್ದರೂ ತಲೆನೋವು ತಪ್ಪದು. ರಿಪೇರಿಯಲ್ಲಿ ಕೀಲನ್ನು ಒಂದೇ ಸ್ಥಾನದಲ್ಲಿಟ್ಟು ಪ್ರಿಸಂ ಸರಿಮಾಡಿದರೆ, ಆ ಒಂದು ಅಂತರಕ್ಕೆ ಮಾತ್ರ ಚಿತ್ರಗಳು ಕೂಡುತ್ತವೆ; ಬೇರೊಬ್ಬರು ಮಡಿಸಿದ ಕೂಡಲೆ ಎರಡಾಗುತ್ತವೆ. ನಿಜವಾದ ಜೋಡಣೆಯನ್ನು ಪೂರ್ತಿ ಮಡಿಸಿ, ಪೂರ್ತಿ ಬಿಚ್ಚಿ ಪರೀಕ್ಷಿಸಬೇಕು.

ಸೈನ್ಯಗಳು ಬೈನಾಕ್ಯುಲರನ್ನು ದೊಡ್ಡ ಸಂಖ್ಯೆಯಲ್ಲಿ ಕೊಳ್ಳತೊಡಗಿದಾಗ ಕೀಲಿನ ತುದಿಯ ಬಿಲ್ಲೆಯ ಮೇಲೆ ಮಿಲಿಮೀಟರಿನ ಅಂಕಿಗಳು ಬಂದವು. ತನ್ನ ಅಂಕಿ ಗೊತ್ತಿದ್ದವನು ಕತ್ತಲಾಗುವ ಮೊದಲೇ ಹೊಂದಿಸಿಟ್ಟುಕೊಳ್ಳಬಹುದು.

ಸೂಕ್ಷ್ಮದರ್ಶಕದಲ್ಲಿ ಇದೇ ಸಮಸ್ಯೆ ಬೇರೆ ರೂಪ ತಾಳಿತು. ಅಲ್ಲಿ ವಸ್ತುಮಸೂರ ಒಂದೇ. ಬೆಳಕನ್ನು ಪ್ರಿಸಂನಿಂದ ಸೀಳಿ ಎರಡು ಕಣ್ಣಿಗೆ ಹಂಚಬೇಕು. ನ್ಯೂ ಆರ್ಲಿಯನ್ಸ್‌ನ ಜಾನ್ ರಿಡೆಲ್ 1850ರ ದಶಕದ ಆರಂಭದಲ್ಲಿ ಇದನ್ನು ಸಾಧಿಸಿದ. 1913ರಲ್ಲಿ ಲೈಟ್ಸ್ ಕಂಪನಿಗಾಗಿ ಯೆಂಚ್ ರೂಪಿಸಿದ ಸಮಾಂತರ ನಳಿಗೆಗಳ ಮಾದರಿ ಅಡ್ಡಕ್ಕೆ ಜಾರುತ್ತಿತ್ತು. ಜಾರಿದಾಗ ಬೆಳಕಿನ ಹಾದಿಯ ಉದ್ದವೂ ಬದಲಾಗಿ, ನಿಗದಿತ ನಳಿಗೆ ಉದ್ದಕ್ಕೆ ತಿದ್ದಿದ ವಸ್ತುಮಸೂರದ ಚಿತ್ರ ಮಂಕಾಗುತ್ತದೆ. ಆದ್ದರಿಂದ ಈ ಬಗೆಯ ಉಪಕರಣಗಳಲ್ಲಿ ಅಂತರದ ಅಂಕಿಯನ್ನು ಓದಿ, ಅದೇ ಅಂಕಿಗೆ ನೇತ್ರಮಸೂರದ ಕೊಳವೆಯನ್ನೂ ತಿರುಗಿಸಬೇಕು. ಝೈಸ್‌ನ ಸೀಡೆನ್‌ಟೊಪ್ಫ್ ಕೆಲ ವರ್ಷಗಳ ನಂತರ ಬೈನಾಕ್ಯುಲರಿನ ಕೀಲನ್ನೇ ಇಲ್ಲಿಗೂ ತಂದು ಆ ಕೆಲಸವನ್ನು ತಪ್ಪಿಸಿದ. ಇಂದಿನ ಪ್ರಯೋಗಶಾಲೆಗಳಲ್ಲಿ ಎರಡೂ ಬಗೆಯವು ಸಿಗುತ್ತವೆ.

ಕಣ್ಣಿನ ವೈದ್ಯರ ಸ್ಲಿಟ್ ಲ್ಯಾಂಪೂ ಇದೇ ಕುಟುಂಬದ್ದು. ಚಾಪ್ಸ್ಕಿ 1899ರಲ್ಲಿ ಕೊಟ್ಟ ಎರಡು ಕಣ್ಣಿನ ಸೂಕ್ಷ್ಮದರ್ಶಕ, ಗುಲ್‌ಸ್ಟ್ರಾಂಡ್ 1911ರಲ್ಲಿ ಕೊಟ್ಟ ಸೀಳು ಬೆಳಕು, ಇವನ್ನು 1916ರಲ್ಲಿ ಹೆಂಕರ್ ಜೋಡಿಸಿದ. ಕಣ್ಣಿನೊಳಗಿನ ಮಸೂರದ ಯಾವ ಪದರದಲ್ಲಿ ಪೊರೆ ಇದೆ ಎಂಬ ಆಳ ತಿಳಿಯಬೇಕಾದರೆ ವೈದ್ಯರ ಎರಡು ಕಣ್ಣೂ ಒಟ್ಟಿಗೆ ನೋಡಬೇಕು. ಅಂತರ ತಪ್ಪಿದರೆ ಆಳ ಕಾಣುವುದಿಲ್ಲ. ಪೊರೆ ತೆಗೆದು ಕೃತಕ ಮಸೂರ ಇಡುವ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಭಾರತದಲ್ಲಿ ಇಂಥ ದೃಕ್ ಉಪಕರಣಗಳ ತಯಾರಿಕೆಯ ಒಂದು ನೆಲೆ, ತಿಂಥಣಿಯ ಸೇತುವೆಯಡಿ ಹರಿಯುವ ಕೃಷ್ಣೆ ಸಮುದ್ರ ಸೇರುವ ಸೀಮೆಯಲ್ಲಿದೆ. ಮಚಲಿಪಟ್ಟಣದಲ್ಲಿ 1926ರಲ್ಲಿ ಶುರುವಾದ ಆಂಧ್ರ ಸೈಂಟಿಫಿಕ್ ಕಂಪನಿಯನ್ನು 1983ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ವಹಿಸಿಕೊಂಡಿತು. ಸೈನ್ಯಕ್ಕೆ ಬೇಕಾದ ರಾತ್ರಿ ನೋಟದ ಉಪಕರಣಗಳು ಅಲ್ಲಿ ತಯಾರಾಗುತ್ತವೆ.

ಹೊಂದಿಸುವ ಕ್ರಮ ಇಂತಿದೆ. ಬೈನಾಕ್ಯುಲರನ್ನು ಪೂರ್ತಿ ಅಗಲಿಸಿ ದೂರದ ವಸ್ತುವಿನತ್ತ ಹಿಡಿಯಬೇಕು. ಎರಡು ವೃತ್ತಗಳು ಕೂಡಿ ಒಂದೇ ದುಂಡು ನೋಟವಾಗುವ ತನಕ ನಿಧಾನವಾಗಿ ಮಡಿಸಬೇಕು. ಸಿನಿಮಾದಲ್ಲಿ ತೋರಿಸುವ, ಎರಡು ವೃತ್ತ ಪಕ್ಕಪಕ್ಕಕ್ಕೆ ಅಂಟಿದ ನೋಟ ಸರಿಯಾಗಿ ಹೊಂದಿಸಿದ ಬೈನಾಕ್ಯುಲರಿನಲ್ಲಿ ಕಾಣುವುದೇ ಇಲ್ಲ. ಫೋಕಸಿನ ಸರದಿ ಅಂತರದ ನಂತರವೇ: ಬಲಗಣ್ಣು ಮುಚ್ಚಿ ಎಡಗಣ್ಣಿಗೆ ನಡುಚಕ್ರದಿಂದ, ಬಳಿಕ ಎಡಗಣ್ಣು ಮುಚ್ಚಿ ಬಲ ನೇತ್ರಮಸೂರದ ಬಳೆಯಿಂದ. ಕನ್ನಡಕ ಹಾಕಿದವರು ನೇತ್ರಮಸೂರದ ಸುತ್ತಲಿನ ರಬ್ಬರ್ ಬಟ್ಟಲನ್ನು ಕೆಳಗೆ ಮಡಚಿಕೊಳ್ಳಬೇಕು. ಬೋನಾಳದ ನೀರಿನ ನಡುವಿನ ಬಾತುಗಳಿಗೆ ಹೊಂದಿಸಿದ ಅಂತರ, ಕಾಲ ಬಳಿಯ ಚಿಟ್ಟೆಗೆ ತುಸು ಹೆಚ್ಚೇ ಆಗುತ್ತದೆ; ಹತ್ತಿರದ ವಸ್ತುವಿಗೆ ಕಣ್ಣುಗಳು ಒಳಮುಖವಾಗಿ ತಿರುಗುವುದರಿಂದ ಪಾಪೆಗಳ ಅಂತರ ತಗ್ಗುತ್ತದೆ.

ಮಕ್ಕಳ ವಿಷಯದಲ್ಲಿ ಕೀಲಿಗೂ ಮಿತಿಯಿದೆ. ಅನೇಕ ಬೈನಾಕ್ಯುಲರುಗಳು 56 ಮಿ.ಮೀ.ಗಿಂತ ಕಿರಿದಾಗಿ ಮಡಿಸಿಕೊಳ್ಳುವುದಿಲ್ಲ. ಪ್ರಾಥಮಿಕ ಶಾಲೆಯ ಮಗುವಿನ ಅಂತರ ಅದಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಶಾಲೆಯವರು ಪಕ್ಷಿಧಾಮಕ್ಕೆ ಕರೆತಂದ ಮಗು ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರೆ ತಪ್ಪು ಮಗುವಿನದಲ್ಲ. ವಸ್ತುಮಸೂರಗಳನ್ನು ಒಳಗಡೆ ಕೂರಿಸಿದ ತಿರುವು ಪೊರ್ರೊ ಬಗೆಯ ಅಥವಾ ಎರಡು ಕೀಲಿನ ಚಿಕ್ಕ ಬೈನಾಕ್ಯುಲರುಗಳು ಸಾಮಾನ್ಯವಾಗಿ ಇನ್ನಷ್ಟು ಕಿರಿದಾಗುತ್ತವೆ. ಮಕ್ಕಳಿಗಾಗಿ ಕೊಳ್ಳುವಾಗ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು ಕೇಳುವ ಮೊದಲು, ಎಷ್ಟು ಮಿಲಿಮೀಟರಿಗೆ ಮಡಿಸಿಕೊಳ್ಳುತ್ತದೆ ಎಂದು ಕೇಳಬೇಕು.