ಹಲ್ಲುಗಳ ಲೆಕ್ಕ: ಲೇತ್ ಮೇಲೆ ಥ್ರೆಡ್ ಕೊರೆಯುವ ವಿದ್ಯೆ ನಡೆದು ಬಂದ ದಾರಿ

ಲೇತ್ ಮೇಲೆ ಥ್ರೆಡ್ ಕೊರೆಯುವ ಕೆಲಸವೆಲ್ಲ ಒಂದೇ ಕರಾರಿನ ಮೇಲೆ ನಿಂತಿದೆ. ಸ್ಪಿಂಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಸರಿಯಾಗಿ ಒಂದು ಪಿಚ್ಚಿನಷ್ಟು, ಅಂದರೆ ಥ್ರೆಡ್ಡಿನ ಒಂದು ಏಣಿನಿಂದ ಮುಂದಿನ ಏಣಿನವರೆಗಿನ ಅಂತರದಷ್ಟು, ಮುಂದೆ ಸಾಗಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ತಪ್ಪು ಸುತ್ತಿನಿಂದ ಸುತ್ತಿಗೆ ಕೂಡುತ್ತ ಹೋಗುತ್ತದೆ; ಉದ್ದನೆಯ ಬೋಲ್ಟಿನ ಮೇಲೆ ನಟ್ ಅರ್ಧ ದಾರಿಯಲ್ಲೇ ಬಿಗಿದು ನಿಲ್ಲುತ್ತದೆ. ಈ ಕರಾರನ್ನು ಕೈಯಿಂದ ಬಿಡಿಸಿ ಯಂತ್ರಕ್ಕೆ ಒಪ್ಪಿಸಿದ ಚರಿತ್ರೆಯ ನಟ್ಟನಡುವೆ ಇರುವುದು ಚೇಂಜ್ ಗೇರ್.

15ನೇ ಶತಮಾನದ ಕೊನೆಯ ಭಾಗದಲ್ಲಿ ರಚನೆಯಾಗಿ, ಜರ್ಮನಿಯ ವೊಲ್ಫೆಗ್ ಕೋಟೆಯಲ್ಲಿ ಬಹುಕಾಲ ಉಳಿದಿದ್ದ ಸಚಿತ್ರ ಹಸ್ತಪ್ರತಿಯಲ್ಲಿ ತಿರುಪು ಕೊರೆಯುವ ಲೇತಿನ ಚಿತ್ರವಿದೆ. ಮಾದರಿ ತಿರುಪೊಂದರ ನಡೆಯನ್ನೇ ಹೊಸ ತಿರುಪಿನ ಮೇಲೆ ಮೂಡಿಸುವುದು ಆ ಕಾಲದ ಉಪಾಯ. ಇದರಲ್ಲಿ ಹೊಸದೊಂದು ಪಿಚ್ ಬೇಕೆಂದರೆ ಹೊಸದೊಂದು ಮಾದರಿಯನ್ನೇ ಮಾಡಬೇಕು. 1500ರ ಆಸುಪಾಸಿನಲ್ಲಿ ಲಿಯನಾರ್ಡೊ ಡಾ ವಿಂಚಿ ಬರೆದ ನಕ್ಷೆ ಇದಕ್ಕೆ ಪರಿಹಾರ ತೋರಿಸಿತು. ಟೂಲನ್ನು ಮುಂದೆ ಸಾಗಿಸುವ ಎರಡು ತಿರುಪು (ಲೀಡ್ ಸ್ಕ್ರೂ), ಅವುಗಳನ್ನು ತಿರುಗಿಸಲು ಬದಲಿಸಬಹುದಾದ ಗೇರುಗಳು. ತಿರುಪು ಅದೇ ಇರಲಿ, ಹಲ್ಲುಗಳ ಅನುಪಾತ ಬದಲಾದರೆ ಸಾಕು ಎಂಬ ಯೋಚನೆ ಅಲ್ಲಿ ಸ್ಪಷ್ಟವಾಗಿದೆ.

ಆ ಯೋಚನೆಗೆ ತಕ್ಕ ನಿಖರತೆ ಬಂದದ್ದು 18ನೇ ಶತಮಾನದಲ್ಲಿ. ಲಂಡನ್ನಿನ ಉಪಕರಣ ತಯಾರಕ ಜೆಸ್ಸಿ ರಾಮ್ಸ್‌ಡೆನ್ ನಾವಿಕರ ಸೆಕ್ಸ್‌ಟಂಟ್‌ಗಳ ಮೇಲೆ ಅಂಶಗಳನ್ನು ಗುರುತಿಸುವ ಯಂತ್ರಕ್ಕಾಗಿ, 1770ರ ದಶಕದಲ್ಲಿ ಗೇರುಗಳಿರುವ ಸ್ಕ್ರೂ ಲೇತ್ ಕಟ್ಟಿದ. ಹೆನ್ರಿ ಮಾಡ್‌ಸ್ಲೆ ಅದನ್ನು ಕಾರ್ಖಾನೆಯ ಕೆಲಸಕ್ಕೆ ತಂದ. 1797ರ ಹೊತ್ತಿನ ಅವನ ಲೇತಿನಲ್ಲಿ ಪಿಚ್ ಬದಲಿಸಲು ಲೀಡ್ ಸ್ಕ್ರೂವನ್ನೇ ಬದಲಿಸಬೇಕಿತ್ತು. 1800ರ ಸುಮಾರಿನ ಲೇತಿನಲ್ಲಿ ಒಂದೇ ನಿಖರವಾದ ಲೀಡ್ ಸ್ಕ್ರೂ, ಜೊತೆಗೆ ಒಂದು ಸೆಟ್ ಚೇಂಜ್ ಗೇರುಗಳು. ಗಟ್ಟಿಮುಟ್ಟಾದ ಲೋಹದ ಚೌಕಟ್ಟು, ಸ್ಲೈಡ್ ರೆಸ್ಟ್, ಲೀಡ್ ಸ್ಕ್ರೂ, ಗೇರು ಈ ನಾಲ್ಕೂ ಒಂದೆಡೆ ಸೇರಿದ್ದರಿಂದಲೇ ಮುಂದಿನ ಲೇತುಗಳಿಗೆಲ್ಲ ಆ ಯಂತ್ರ ಮಾದರಿಯಾಯಿತು.

ಇಂದಿಗೂ ಲೆಕ್ಕ ಅದೇ. ನಡೆಸುವ ಗೇರಿನ ಹಲ್ಲುಗಳನ್ನು ನಡೆಯುವ ಗೇರಿನ ಹಲ್ಲುಗಳಿಂದ ಭಾಗಿಸಿದರೆ ಬರುವುದು, ಬೇಕಾದ ಪಿಚ್ಚನ್ನು ಲೀಡ್ ಸ್ಕ್ರೂ ಪಿಚ್ಚಿನಿಂದ ಭಾಗಿಸಿದರೆ ಬರುವುದಕ್ಕೆ ಸಮವಾಗಿರಬೇಕು. ಲೀಡ್ ಸ್ಕ್ರೂ 6 ಮಿ.ಮೀ., ಕೊರೆಯಬೇಕಾದ ಪಿಚ್ 1.5 ಮಿ.ಮೀ. ಎಂದರೆ ಅನುಪಾತ 1/4; ಸ್ಪಿಂಡಲ್ ಕಡೆಗೆ 20, ಲೀಡ್ ಸ್ಕ್ರೂ ಕಡೆಗೆ 80 ಹಲ್ಲು. ನಡುವಿನ ಐಡ್ಲರ್ ಗೇರ್ ಅಂತರ ತುಂಬುತ್ತದೆ, ತಿರುಗುವ ದಿಕ್ಕು ಬದಲಿಸುತ್ತದೆ, ಅನುಪಾತವನ್ನು ಮುಟ್ಟುವುದಿಲ್ಲ. 1.75 ಮಿ.ಮೀ. ಪಿಚ್ಚಿಗೆ 7/24 ಬೇಕು. ಅದನ್ನು ಒಂದು ಜೋಡಿಯಲ್ಲಿ ಕೂರಿಸಲು ಆಗದಿದ್ದರೆ 35/60 ಮತ್ತು 50/100 ಎಂಬ ಎರಡು ಜೋಡಿಗಳ ಕಾಂಪೌಂಡ್ ಸಾಲು ಕಟ್ಟಬೇಕು. ಅನುಭವಸ್ಥ ಟರ್ನರ್ ಗೇರುಗಳ ನಡುವೆ ತೆಳು ಕಾಗದ ಇಟ್ಟು ಕೂಡಿಸಿ, ಗೇರುಗಳನ್ನು ಹೊತ್ತ ಕ್ವಾಡ್ರೆಂಟ್ ಬಿಗಿದು, ಕಾಗದ ತೆಗೆಯುತ್ತಾನೆ. ಹಲ್ಲುಗಳಿಗೆ ಬೇಕಾದಷ್ಟೇ ಸಡಿಲ ಸಿಗುತ್ತದೆ. ಆಮೇಲೆ ಮೇಲ್ಮೈ ಮೇಲೆ ಒಂದು ಗೀಟು ಮಾತ್ರ ಎಳೆದು, ಪಿಚ್ ಗೇಜ್ ಹಿಡಿದು ನೋಡದೆ ಆಳದ ಕಟ್ ಕೊಡುವುದಿಲ್ಲ.

ಲೆಕ್ಕ ಇಷ್ಟು ಸಲೀಸಾಗಿದ್ದರೂ ಪ್ರತಿ ಕಾರ್ಖಾನೆಗೂ ತನ್ನದೇ ಥ್ರೆಡ್ ಇದ್ದುದರಿಂದ ಒಂದು ಕಡೆಯ ನಟ್ ಇನ್ನೊಂದು ಕಡೆಯ ಬೋಲ್ಟಿಗೆ ಹಿಡಿಯುತ್ತಿರಲಿಲ್ಲ. ಮಾಡ್‌ಸ್ಲೆ ಬಳಿ ಪಳಗಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಏಕರೂಪದ ಥ್ರೆಡ್ ಸೂಚಿಸಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಥ್ರೆಡ್ ಮುಂದಿಟ್ಟ. 1898ರಲ್ಲಿ ಜ್ಯೂರಿಕ್ ಸಮ್ಮೇಳನ ಮೆಟ್ರಿಕ್ ಥ್ರೆಡ್ಡನ್ನು ಒಪ್ಪಿಕೊಂಡಿತು. ಹೀಗೆ ಜಗತ್ತು ಇಂಚು ಮತ್ತು ಮಿಲಿಮೀಟರ್ ಎಂಬ ಎರಡು ಪಾಳಯವಾಯಿತು. ಎರಡನ್ನೂ ಒಂದೇ ಲೇತಿನಲ್ಲಿ ಕೊರೆಯುವ ಭಾರ ಚೇಂಜ್ ಗೇರಿನ ಮೇಲೆ ಬಿತ್ತು.

ಆ ಭಾರ ಹೊತ್ತದ್ದು 127 ಹಲ್ಲಿನ ಗೇರ್. ಒಂದು ಇಂಚು ಎಂದರೆ 25.4 ಮಿ.ಮೀ., ಅಂದರೆ 127/5. 127 ಅವಿಭಾಜ್ಯ ಸಂಖ್ಯೆಯಾದ್ದರಿಂದ ಇದಕ್ಕಿಂತ ಸಣ್ಣ ಗೇರಿನಲ್ಲಿ ಪೂರ್ತಿ ಕರಾರುವಾಕ್ಕಾದ ಉತ್ತರ ಸಿಗದು. ಇಂಚಿಗೆ 4 ಥ್ರೆಡ್ಡಿನ ಲೀಡ್ ಸ್ಕ್ರೂ ಮೇಲೆ 2 ಮಿ.ಮೀ. ಪಿಚ್ ಬೇಕೆಂದರೆ 40/127. ಅಷ್ಟು ದೊಡ್ಡ ಗೇರಿಗೆ ಜಾಗವಿಲ್ಲದ ಸಣ್ಣ ಲೇತುಗಳು 100/127ರ ಬದಲು 63/80 ಬಳಸುತ್ತವೆ, 100 ಮಿ.ಮೀ. ಉದ್ದಕ್ಕೆ ತಪ್ಪು 0.0125 ಮಿ.ಮೀ. ಮಾತ್ರ. ಸಾಮಾನ್ಯ ಬೋಲ್ಟಿಗೆ ಅದು ನಡೆಯುತ್ತದೆ, ಅಳೆಯುವ ಉಪಕರಣದ ತಿರುಪಿಗೆ ನಡೆಯುವುದಿಲ್ಲ. ಇಂಥ ಮಿಶ್ರ ಲೆಕ್ಕದಲ್ಲಿ ಕೆಲಸ ಮುಗಿಯುವವರೆಗೂ, ಟೂಲಿನ ಗಾಡಿಯನ್ನು ಲೀಡ್ ಸ್ಕ್ರೂಗೆ ಹಿಡಿಸುವ ಹಾಫ್ ನಟ್ ಬಿಡಿಸಬಾರದು. ಟೂಲ್ ಹಿಂದೆಳೆದು, ಸ್ಪಿಂಡಲ್ ಹಿಮ್ಮುಖವಾಗಿ ತಿರುಗಿಸಿಯೇ ಮರಳಬೇಕು.

ಪ್ರತಿ ಪಿಚ್ಚಿಗೂ ಗೇರ್ ಬಿಚ್ಚಿ ಕಟ್ಟುವ ಶ್ರಮವನ್ನು ತಗ್ಗಿಸಿದ್ದು ಅಮೆರಿಕದ ವೆಂಡೆಲ್ ನಾರ್ಟನ್ 1892ರಲ್ಲಿ ಪೇಟೆಂಟ್ ಪಡೆದ ಗೇರ್ ಬಾಕ್ಸ್. ಒಂದೇ ಶಾಫ್ಟಿನ ಮೇಲೆ ಮೆಟ್ಟಿಲಾಗಿ ಜೋಡಿಸಿದ ಗೇರುಗಳಲ್ಲಿ ಬೇಕಾದ್ದನ್ನು ಲಿವರ್ ಸರಿಸಿ ಹಿಡಿಯಬಹುದಾಯಿತು. ಆದರೂ ಹಲವು ಲೇತುಗಳಲ್ಲಿ ಇಂಚು–ಮೆಟ್ರಿಕ್ ಬದಲಾವಣೆಗೆ, ವರ್ಮ್ (ಗೇರನ್ನು ತಿರುಗಿಸುವ ತಿರುಪು) ಕೊರೆಯುವುದಕ್ಕೆ ಚೇಂಜ್ ಗೇರ್ ಬೇಕು. ವರ್ಮಿನ ಪಿಚ್ ಎಂದರೆ ಅದರ ಮಾಡ್ಯೂಲನ್ನು ಪೈಯಿಂದ ಗುಣಿಸಿದಷ್ಟು; 2 ಮಾಡ್ಯೂಲಿನ ವರ್ಮಿಗೆ ಎರಡು ಪೈ ಮಿ.ಮೀ. ಶಾಲೆಯಲ್ಲಿ ಕಲಿತ 22/7 ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: 6 ಮಿ.ಮೀ. ಲೀಡ್ ಸ್ಕ್ರೂಗೆ ಅನುಪಾತ 22/21.

ಭಾರತದಲ್ಲಿ ಈ ವಿದ್ಯೆಗೆ ಕನ್ನಡ ನೆಲದ ನಂಟು ಗಾಢವಾದದ್ದು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಮತ್ತು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ ಲೇತುಗಳ ಮೇಲೆ ಹಲವು ತಲೆಮಾರಿನ ಟರ್ನರುಗಳು ಪಳಗಿದರು. 1956ರ ತೂಕ ಮತ್ತು ಅಳತೆ ಕಾಯ್ದೆಯಿಂದ ದೇಶ ಮೆಟ್ರಿಕ್ಕಿಗೆ ತಿರುಗಿತು. ಇಂಚಿನ ಲೀಡ್ ಸ್ಕ್ರೂ ಇದ್ದ ಹಳೆಯ ಲೇತುಗಳು ದುಡಿಯುತ್ತಲೇ ಇದ್ದುದರಿಂದ 127ರ ಲೆಕ್ಕ ಗೊತ್ತಿದ್ದವನಿಗೆ ವರ್ಕ್‌ಶಾಪಿನಲ್ಲಿ ಬೆಲೆ ಇತ್ತು.

ಸಿಎನ್‌ಸಿ ಲೇತಿನಲ್ಲಿ ಈ ಗೇರುಗಳ ಸಾಲೇ ಇಲ್ಲ. ಸ್ಪಿಂಡಲ್ಲಿಗೆ ಹೊಂದಿದ ಎನ್‌ಕೋಡರ್ ಪಲ್ಸುಗಳನ್ನು ಕಳಿಸುತ್ತದೆ, ಅದಕ್ಕೆ ತಕ್ಕಂತೆ ಸರ್ವೊ ಮೋಟಾರು ಟೂಲನ್ನು ನಡೆಸುತ್ತದೆ. ಜಿ76 ಎಂಬ ಸಣ್ಣ ಆದೇಶದಲ್ಲಿ ಇಡೀ ಥ್ರೆಡ್ ಮುಗಿಯುತ್ತದೆ. ಆದರೆ ಹಳೆಯ ಕರಾರು ಹಾಗೆಯೇ ಇದೆ. ಪ್ರತಿ ಕಟ್ಟೂ ಎನ್‌ಕೋಡರಿನ ಒಂದೇ ಗುರುತಿನಿಂದ ಶುರುವಾಗಬೇಕು. ಹಳೆಯ ಲೇತಿನಲ್ಲಿ ಥ್ರೆಡ್ ಡಯಲ್ ಮಾಡುತ್ತಿದ್ದ ಕೆಲಸವೇ ಇದು. ಹಳೆಯ ಲೇತಿಗೆ ಎಲೆಕ್ಟ್ರಾನಿಕ್ ಲೀಡ್ ಸ್ಕ್ರೂ ಅಳವಡಿಸುವವರಿಗೂ 127 ಎದುರಾಗುತ್ತದೆ: ಅನುಪಾತವನ್ನು ಪೂರ್ಣಾಂಕಗಳ ಭಿನ್ನರಾಶಿಯಾಗಿ ಇಡದೆ ದಶಾಂಶದಲ್ಲಿ ಕತ್ತರಿಸಿದರೆ ತಪ್ಪು ಸುತ್ತಿನಿಂದ ಸುತ್ತಿಗೆ ಕೂಡುತ್ತದೆ.

ಆದ್ದರಿಂದ ಐಟಿಐ ತರಗತಿಗಳಲ್ಲಿ ಚೇಂಜ್ ಗೇರಿನ ಪಾಠವನ್ನು ಹಳೆಯದೆಂದು ಬದಿಗೆ ಸರಿಸುವುದು ದೊಡ್ಡ ನಷ್ಟ. ಸ್ವತಃ ಹಲ್ಲೆಣಿಸಿ ಗೇರ್ ಕೂರಿಸಿ ಒಂದು ಥ್ರೆಡ್ ಕೊರೆದ ವಿದ್ಯಾರ್ಥಿಗೆ, ಪರದೆಯ ಮೇಲೆ ಪಿಚ್ ತಪ್ಪಾಗಿ ನಮೂದಾದಾಗ ಅದು ಯಾಕೆ ತಪ್ಪೆಂದು ಹೇಳಲು ಬರುತ್ತದೆ. ಜಿ76 ಕಲಿಸುವ ಮೊದಲು ಪ್ರತಿ ವಿದ್ಯಾರ್ಥಿಯೂ ಒಂದು ಮೆಟ್ರಿಕ್, ಒಂದು ಇಂಚಿನ ಥ್ರೆಡ್ಡನ್ನು ಚೇಂಜ್ ಗೇರ್ ಕಟ್ಟಿಯೇ ಕೊರೆಯಲಿ. ಅದಕ್ಕೆ ಬೇಕಾದದ್ದು ಒಂದು ಹಳೆಯ ಲೇತ್, ಒಂದು ಸೆಟ್ ಗೇರ್ ಮತ್ತು ಕಲಿಸುವ ಮನಸ್ಸು.