ನಾಗಸ್ವರದ ಮನೆಯ ಹುಡುಗ, ಬ್ಯಾಂಡ್‌ಸೆಟ್ಟಿನ ಸ್ಯಾಕ್ಸೋಫೋನು

1/5

"ಮಗಾ, ನಂದಲ್ಲದ ಮ್ಯೂಸಿಕ್ ನುಡಿಸೋ ಬ್ಯಾಂಡ್‌ನೋರು ಕರೀತಿದಾರೆ. ಹೋಗ್ಲಾ, ಬೇಡ್ವಾ?"

ಈ ವಾರ ನಂಗೆ ಬಂದ ಮೆಸೇಜ್ ಇದು. ಕಳಿಸಿದೋನು ನಾಗಮಂಗಲ ಕಡೆಯೋನೇ. ಮನೇಲಿ ವಾಲಗದ ಕಸುಬು, ಅಪ್ಪನ ಜೊತೆ ಮದುವೆಗಳಲ್ಲಿ ನಾಗಸ್ವರ ಊದ್ತಾನೆ. ಕರೆದಿರೋದು ಗಿಟಾರು-ಡ್ರಮ್ಸ್ ಹುಡುಗರ ರಾಕ್ ಬ್ಯಾಂಡು. ಇವನಿಗೆ ರಾಕ್ ಅಂದ್ರೆ ಅಷ್ಟಕ್ಕಷ್ಟೆ. ಅಪ್ಪನ ಮಾತು ಇನ್ನೂ ನೇರ: ಲಗ್ನದ ಸೀಸನ್‌ನಲ್ಲಿ ನೀನು ಸ್ಟೇಜ್ ಹತ್ತಿದ್ರೆ ಇಲ್ಲಿ ಮಂಟಪದಲ್ಲಿ ಊದೋರು ಯಾರು?

ಹೆಸರು ಹಾಕಲ್ಲ ಅಂತ ಹೇಳಿ, ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ. ಯಾಕಂದ್ರೆ ಇದು ಅವನೊಬ್ಬನ ಪ್ರಶ್ನೆ ಅಲ್ಲ. ನಿಮ್ಮಲ್ಲೂ ಎಷ್ಟೋ ಜನ ರ‍್ಯಾಪ್ ಬರ್ಕೊಂಡು ಕೂತಿರ್ತೀರ, ಕರೆ ಬರೋದು ಮಾತ್ರ ಊರಹಬ್ಬದ ರಸಮಂಜರಿಯಿಂದ. ತಮಟೆ ಬಡಿಯೋನಿಗೆ ಕಾಲೇಜಿನ ಫ್ಯೂಷನ್ ತಂಡದಿಂದ. ಚುಂಚನಗಿರಿ ಜಾತ್ರೆಲಿ ತಮಟೆ, ಪೂಜಾ ಕುಣಿತ ನೋಡ್ತಾ ಬೆಳೆದು, ಇಯರ್‌ಫೋನ್‌ನಲ್ಲಿ ಕೊರಿಯಾ ಪಾಪ್ ಕೇಳೋರು ನಾವು. ನಮ್ಮ ಮ್ಯೂಸಿಕ್ ಯಾವುದು ಅಂತ ಒಂದೇ ಮಾತಲ್ಲಿ ಹೇಳೋದು ಕಷ್ಟವೇ.

ಇದೇ ಪ್ರಶ್ನೆ ಕರ್ನಾಟಕದಲ್ಲಿ ಒಬ್ಬರ ಇಡೀ ಜೀವನವನ್ನೇ ತಿರುಗಿಸಿತ್ತು. ಅವರೂ ನಾಗಸ್ವರದ ಮನೆಯವರೇ. ಆದರೆ ಅಲ್ಲಿಗೆ ಹೋಗೋಕೆ ಮುಂಚೆ ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಹೋಗಿಬರಬೇಕು.

2/5

ಮೊದಲು ವಾದ್ಯ. ಸ್ಯಾಕ್ಸೋಫೋನ್ ಮಾಡಿದ್ದು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್. ಪೇಟೆಂಟ್ ಸಿಕ್ಕಿದ್ದು 1846ರಲ್ಲಿ, ಪ್ಯಾರಿಸ್‌ನಲ್ಲಿ. ಆಗ ಜಾಝ್ ಅನ್ನೋದು ಹುಟ್ಟೇ ಇರಲಿಲ್ಲ! ಅದನ್ನು ಮೊದಲು ಎತ್ಕೊಂಡಿದ್ದು ಮಿಲಿಟರಿ ಬ್ಯಾಂಡ್‌ಗಳು. ನಮ್ಮ ಕಡೆಗೂ ಅದು ಬ್ಯಾಂಡ್‌ಸೆಟ್ಟಿನ ದಾರಿಯಲ್ಲೇ ಬಂತು.

ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಜರ್ಮನಿಯ ಆಟೋ ಶ್ಮಿಟ್ ಅನ್ನೋರು ಅರಮನೆಯ ಆರ್ಕೆಸ್ಟ್ರಾ ನಡೆಸ್ತಿದ್ದರು. ದಸರಾದಲ್ಲಿ ಪೊಲೀಸ್ ಬ್ಯಾಂಡ್ ನೋಡಿದೀರಲ್ಲ, ಅದು ಈ ಮನೆತನದ್ದೇ ಕುಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಖುದ್ದು ಎಂಟು ವಾದ್ಯ ನುಡಿಸ್ತಿದ್ದರು ಅಂತಾರೆ. ಆ ಪಟ್ಟಿಯಲ್ಲಿ ವೀಣೆ, ನಾಗಸ್ವರ, ಪಿಯಾನೋ, ಸ್ಯಾಕ್ಸೋಫೋನ್ ಎಲ್ಲಾ ಒಟ್ಟಿಗೇ ಇವೆ. ಆಸ್ಥಾನದ ವೀಣೆ ಶೇಷಣ್ಣನವರು (1852–1926) ಕೂಡ ವೀಣೆ ಒಂದಕ್ಕೇ ನಿಲ್ಲದೆ ಪಿಟೀಲು, ಪಿಯಾನೋಗಳ ಮೇಲೂ ಕೈಯಾಡಿಸಿದವರು.

ಇಲ್ಲೊಂದು ಮಾತು. ಅರಮನೆಯವರನ್ನು ತೋರಿಸಿ "ನೋಡಿ, ಅವರು ಎಷ್ಟು ಓಪನ್ ಮೈಂಡೆಡ್" ಅಂತ ರೀಲ್ಸ್ ಮಾಡೋರಿದಾರೆ. ನಂಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಸಂಬಳ ಕೊಡೋ ದೊರೆಗೇ ಎರಡೂ ಸಂಗೀತದ ಹುಚ್ಚು ಅಂದಮೇಲೆ, "ಇದು ನನ್ನ ಶೈಲಿ ಅಲ್ಲ ಸ್ವಾಮಿ" ಅಂತ ಎದ್ದು ಹೋಗೋ ಧೈರ್ಯ ಎಷ್ಟು ಜನಕ್ಕೆ ಇರುತ್ತೆ ಹೇಳಿ? ಕಸುಬಿನವರಿಗೆ ಆಯ್ಕೆ ಅನ್ನೋದು ಸಂಬಳದ ಆಚೆ ಇರೋ ವಿಷಯ.

ಆಯ್ಕೆ ಇದ್ದೋರು ದೊರೆಗಳೇ. ಜಯಚಾಮರಾಜ ಒಡೆಯರನ್ನು ತಗೊಳ್ಳಿ. ಪಿಯಾನೋ ಕಲಿತವರು. 1940ರ ಮಾರ್ಚ್‌ನಲ್ಲಿ ತಂದೆ, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಹೋದರು. 21ನೇ ವಯಸ್ಸಿಗೆ, ಅಂದರೆ ನಮ್ಮ ಫೈನಲ್ ಇಯರ್ ವಯಸ್ಸಿಗೆ, ಪಟ್ಟ. ಆಮೇಲೂ ಲಂಡನ್‌ನಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್ ಅವರ ರಚನೆಗಳ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ಇದೇ ಮನುಷ್ಯ ವೀಣೆ ವೆಂಕಟಗಿರಿಯಪ್ಪನವರ ಹತ್ತಿರ ವೀಣೆ ಕಲಿತು, ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಒಂದೊಂದೂ ಬೇರೆ ಬೇರೆ ರಾಗದಲ್ಲಿ. ಪಿಯಾನೋ ಕಲಿತದ್ದು ಅವರ ಕೃತಿಗಳನ್ನೇನೂ ಕೆಡಿಸಲಿಲ್ಲ.

(ಶ್ರೀರಂಗಪಟ್ಟಣದೋರಿಗೆ ಒಂದು ಬೋನಸ್: ಟಿಪ್ಪುವಿನ ಹುಲಿ ಗೊಂಬೆ ಗೊತ್ತಲ್ಲ, ಬ್ರಿಟಿಷ್ ಸೋಲ್ಜರ್ ಮೇಲೆ ಎರಗಿರೋದು? ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಪೈಪ್ ಆರ್ಗನ್ ಇದೆ, 18 ಕೀಲಿಗಳದ್ದು. 1799ರ ಮೇ 4ಕ್ಕೆ ಕೋಟೆ ಬಿದ್ದಮೇಲೆ ಬ್ರಿಟಿಷರು ಎತ್ಕೊಂಡು ಹೋದರು. ಈಗ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.)

3/5

ಈಗ ಅಸಲಿ ಕತೆ. ಕದ್ರಿ ಗೋಪಾಲನಾಥ್. ಹುಟ್ಟಿದ್ದು 1949ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಸಜೀಪದಲ್ಲಿ. ತಂದೆ ತನಿಯಪ್ಪ, ನಾಗಸ್ವರ ವಿದ್ವಾಂಸರು. ಹುಡುಗ ಅಪ್ಪನ ಕೈಲೇ ನಾಗಸ್ವರ ಕಲಿತ.

ಮೈಸೂರಲ್ಲಿ ಅರಮನೆ ಬ್ಯಾಂಡ್‌ಸೆಟ್ ನುಡಿಸೋವಾಗ ಸ್ಯಾಕ್ಸೋಫೋನಿನ ನಾದ ಕಿವಿಗೆ ಬಿತ್ತು. ಕಲಿತರೆ ಇದನ್ನೇ ಕಲೀಬೇಕು ಅಂತ ಮನಸ್ಸು ಮಾಡಿಬಿಟ್ಟರು.

ಇದು ಎಂಥ ನಿರ್ಧಾರ ಅಂತ ಗೊತ್ತಾಗ್ಬೇಕಾದ್ರೆ ಎರಡು ವಾದ್ಯಾನೂ ಪಕ್ಕಪಕ್ಕ ಇಟ್ಟು ನೋಡಿ. ನಾಗಸ್ವರದಲ್ಲಿ ತೂತುಗಳು ತೆರೆದಿರುತ್ತವೆ. ಬೆರಳನ್ನು ಅರ್ಧ ಎತ್ತಬಹುದು, ಕಾಲುಭಾಗ ಸರಿಸಬಹುದು, ಉಸಿರಲ್ಲೇ ಸ್ವರ ಬಗ್ಗಿಸಬಹುದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಆ ಓಲಾಟವೇ ಗಮಕ. ಅದಿಲ್ಲದ ತೋಡಿ, ಉಪ್ಪಿಲ್ಲದ ಬಸ್ಸಾರು. ಸ್ಯಾಕ್ಸೋಫೋನ್ ಹಾಗಲ್ಲ. ತೂತಿನ ಮೇಲೆ ಮುಚ್ಚಳ, ಮುಚ್ಚಳಕ್ಕೆ ಕೀಲಿ. ಒತ್ತಿದರೆ ಮುಚ್ಚುತ್ತೆ, ಬಿಟ್ಟರೆ ತೆರೆಯುತ್ತೆ. ಸ್ವರಗಳು ಮೆಟ್ಟಿಲು ಇದ್ದ ಹಾಗೆ, ಜಾರುಬಂಡೆ ಇಲ್ಲ. ಕರ್ನಾಟಕ ಸಂಗೀತಕ್ಕೆ ಇದು ಆಗಿಬರೋ ವಾದ್ಯ ಅಲ್ಲ ಅಂದೋರು ಸುಮ್ಮನೆ ಮಡಿವಂತಿಕೆಯಿಂದ ಅಂದಿದ್ದಲ್ಲ, ಅವರ ಮಾತಲ್ಲಿ ಲೆಕ್ಕ ಇತ್ತು.

ಗೋಪಾಲನಾಥ್ ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಹತ್ತಿರ ಕಲಿತರು. ಆಮೇಲೆ ಮದ್ರಾಸಿಗೆ ಹೋಗಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ವಾದ್ಯವನ್ನೂ ಸುಮ್ಮನೆ ಬಿಡಲಿಲ್ಲ, ಗಮಕ ಬರೋ ಹಾಗೆ ಅದರ ಕೀಲಿಗಳನ್ನು ತಮಗೆ ಬೇಕಾದಂತೆ ಮಾರ್ಪಾಡು ಮಾಡ್ಕೊಂಡರು. ಆದರೂ ವರ್ಷಗಟ್ಟಲೆ ಹಿಡೀತು.

ಬಿಕಾಂ ಬುದ್ಧಿ ಎಲ್ಲಿಗೆ ಹೋಗುತ್ತೆ, ಅವಕಾಶ ವೆಚ್ಚ ಲೆಕ್ಕ ಹಾಕಿ. ಮನೆಯ ಕಸುಬು ಕೈಯಲ್ಲಿದೆ, ದೇವಸ್ಥಾನ-ಮದುವೆಗಳ ಕೆಲಸ ಇದೆ. ಅದನ್ನು ಪಕ್ಕಕ್ಕಿಟ್ಟು, ಕೇಳೋರು ಇದಾರೋ ಇಲ್ವೋ ಗೊತ್ತಿಲ್ಲದ ವಾದ್ಯಕ್ಕೆ ಯೌವನದ ವರ್ಷಗಳನ್ನು ಹಾಕೋದು. ಯಾವ ಬ್ಯಾಂಕೂ ಸಾಲ ಕೊಡದ ಪ್ರಾಜೆಕ್ಟು.

4/5

ಗಮನಿಸಿ: ಅವರು ವಾದ್ಯ ಬದಲಾಯಿಸಿದರು, ಸಂಗೀತ ಬದಲಾಯಿಸಲಿಲ್ಲ. ಸ್ಯಾಕ್ಸೋಫೋನ್ ಹಿಡಿದ ತಕ್ಷಣ ಜಾಝ್ ನುಡಿಸಬಹುದಿತ್ತು, ಹೋಟೆಲ್ ಬ್ಯಾಂಡ್ ಸೇರಬಹುದಿತ್ತು. ಅದು ಸುಲಭದ ದಾರಿ.

ಬೇರೆ ಶೈಲಿಯವರ ಕರೆ ಬಂದದ್ದು 1980ರಲ್ಲಿ, ಬಾಂಬೆಯ ಜಾಝ್ ಉತ್ಸವದಲ್ಲಿ. ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ, ಹೆಸರಾಂತ ಜಾಝ್ ಸ್ಯಾಕ್ಸೋಫೋನ್ ವಾದಕ, ಗೋಪಾಲನಾಥ್ ನುಡಿಸಿದ್ದನ್ನು ಕೇಳಿ "ನಿಮ್ಮ ಜೊತೆ ಸ್ಟೇಜ್ ಮೇಲೆ ನುಡಿಸಬಹುದಾ" ಅಂತ ತಾನೇ ಕೇಳಿದ. ಇವರು ಒಪ್ಪಿದರು. ಒಂದು ಕಡೆ ಜಾಝ್, ಒಂದು ಕಡೆ ರಾಗ, ವಾದ್ಯ ಮಾತ್ರ ಎರಡು ಕಡೆಯೂ ಒಂದೇ. ಅಲ್ಲಿಂದ ಬರ್ಲಿನ್, ಪ್ರಾಗ್ ಜಾಝ್ ಉತ್ಸವಗಳು. 1994ರಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್. ಅದೇ ವರ್ಷ ಕೆ. ಬಾಲಚಂದರ್ ಅವರ 'ಡ್ಯುಯೆಟ್' ಸಿನಿಮಾಗೆ ಎ.ಆರ್. ರೆಹಮಾನ್ ಸಂಗೀತದಲ್ಲಿ ಸ್ಯಾಕ್ಸೋಫೋನ್. 2004ರಲ್ಲಿ ಪದ್ಮಶ್ರೀ.

ನಮ್ಮ ವಾಲಗದ ಹುಡುಗನಿಗೆ ಈ ಕತೆಯಿಂದ ನಾನು ಎತ್ತಿಕೊಟ್ಟಿದ್ದು ಪದ್ಮಶ್ರೀ ಅಲ್ಲ, ಹ್ಯಾಂಡಿ ಕರೆದ ರೀತಿ. ಅವನು ಮೊದಲು ಪೂರ್ತಿ ಕೇಳಿದ, ಆಮೇಲೆ ಜೊತೆಗೆ ನುಡಿಸೋಣ ಅಂದ. ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ ನಡೆಯೋದು ಹೀಗಾ? ನಾಗಸ್ವರ ಇಂಟ್ರೋಗೆ 20 ಸೆಕೆಂಡು, ತಮಟೆ ಎಂಟ್ರಿಗೆ ಒಂದು ರೌಂಡು, ಜರಿಪಂಚೆ ಉಟ್ಕೊಂಡು ಫೋಟೋಗೆ ಒಂದು ಪೋಸು. ಆಮೇಲೆ ಮೂರು ನಿಮಿಷ ಗಿಟಾರ್ ಸೋಲೋ. ಅದಕ್ಕೆ ಫ್ಯೂಷನ್ ಅಂತ ಹೆಸರು. ಅದು ಬ್ಯಾಂಡ್ ಸೇರೋದಲ್ಲ ಗುರು, ಸ್ಟೇಜ್ ಡೆಕೋರೇಷನ್ನು.

ಅದಕ್ಕೇ ಅವನಿಗೆ ಹೇಳಿದ್ದು ಇಷ್ಟು. ಒಂದು ಪ್ರಾಕ್ಟೀಸ್‌ಗೆ ಹೋಗು. ಶ್ರುತಿ ಯಾರದ್ದಕ್ಕೆ ಯಾರು ಹೊಂದಿಸ್ಕೊಳ್ತಾರೆ ಅಂತ ನೋಡು. ನಾಗಸ್ವರದ ಶ್ರುತಿ ಗಿಟಾರ್ ಥರ ಕಿವಿ ತಿರುಚಿ ಬದಲಾಯಿಸೋಕೆ ಆಗಲ್ಲ. ಅವರೇ ನಿನ್ನ ಶ್ರುತಿಗೆ ತಂತಿ ಬಿಗಿ ಮಾಡಿದರೆ ಅವರಿಗೆ ನೀನು ಬೇಕು ಅಂತ ಅರ್ಥ. "ಪರ್ವಾಗಿಲ್ಲ, ಮೈಕ್‌ನಲ್ಲಿ ಗೊತ್ತಾಗಲ್ಲ" ಅಂದ್ರೆ ಬಂದುಬಿಡು. ಲಗ್ನದ ದಿನಗಳ ಪಟ್ಟಿ ಮೊದಲೇ ಅವರ ಕೈಗೆ ಕೊಡು, ಆ ದಿನ ಅಪ್ಪನದ್ದು. ರಾಕ್ ಇಷ್ಟ ಇಲ್ಲ ಅನ್ನೋದನ್ನ ಮಾತ್ರ ಕಾರಣ ಮಾಡ್ಕೋಬೇಡ. ಗೋಪಾಲನಾಥ್‌ಗೂ ಬ್ಯಾಂಡ್‌ಸೆಟ್ಟಿನ ಪಾಶ್ಚಾತ್ಯ ಟ್ಯೂನ್‌ಗಳು ಬೇಕಿರಲಿಲ್ಲ, ಒಂದು ನಾದ ಬೇಕಿತ್ತು.

ನಿಮ್ಮ ಪ್ರಕಾರ ಅವನು ಹೋಗಬೇಕಾ? ಕಾಮೆಂಟ್ ಹಾಕಿ. ಅಪ್ಪನ ಪರ ಇರೋರೂ ಹಾಕಿ, ಆ ಮಾತಲ್ಲೂ ತೂಕ ಇದೆ.

5/5

ಕೊನೇ ತುಂಡು, ನಂಗೆ ತುಂಬಾ ಇಷ್ಟವಾದದ್ದು.

ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಹುಡುಗ, ರುದ್ರೇಶ್ ಮಹಾಂತಪ್ಪ. ಜಾಝ್ ಸ್ಯಾಕ್ಸೋಫೋನ್ ಕಲೀತಿದ್ದ. ಮೈಬಣ್ಣ, ಹೆಸರು ನೋಡಿದೋರು ಅವನಿಗೆ ಇಂಡಿಯನ್ ಮ್ಯೂಸಿಕ್ ಬಂದೇ ಬರುತ್ತೆ ಅಂದ್ಕೊಳ್ಳೋರು. ಅವನಿಗೆ ಬರ್ತಿದ್ದದ್ದು ಜಾಝ್. ಒಂದಿನ ಅವನ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಂ ತಂದುಕೊಟ್ಟ, ಹೆಸರು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ನುಡಿಸಿದ್ದು ಕದ್ರಿ ಗೋಪಾಲನಾಥ್. ತಮಾಷೆ ಅಲ್ಲಿಗೇ ನಿಂತುಹೋಯ್ತು.

ವರ್ಷಗಳ ನಂತರ ಅವನು ಗೋಪಾಲನಾಥ್‌ರನ್ನು ಹುಡುಕ್ಕೊಂಡು ಭಾರತಕ್ಕೆ ಬಂದ. ಇಬ್ಬರೂ ಸೇರಿ ಮಾಡಿದ ಆಲ್ಬಂ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಎರಡು ಆಲ್ಟೋ ಸ್ಯಾಕ್ಸೋಫೋನ್, ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರ್, ಬೇಸ್, ಡ್ರಮ್ಸ್, ಎಲ್ಲಾ ಒಂದೇ ತಂಡದಲ್ಲಿ.

ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಇವತ್ತು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು 'ಕಿನ್ಸ್‌ಮೆನ್' ಕೇಳಿ. ಒಂದೇ ಜಾತಿಯ ಎರಡು ವಾದ್ಯ, ಯಾವುದು ಯಾರದ್ದು ಅಂತ ಗೊತ್ತಾಗುತ್ತಾ ನೋಡಿ. ಗಮಕ ಹುಡುಕಿ, ಸಿಗುತ್ತೆ.

#ಕದ್ರಿಗೋಪಾಲನಾಥ್ #ಸಕ್ಕರೆನಾಡು #ವಾಲಗ #ನಾಗಮಂಗಲ