ಟೆಲಿಫೋನೂ ಕಿವುಡರೂ

1922ನೆಯ ಇಸವಿ ಆಗಸ್ಟ್ ತಿಂಗಳ 4ನೆಯ ತಾರೀಖಿನ ಸಂಜೆ ಉತ್ತರ ಅಮೆರಿಕಾ ಖಂಡದ ಟೆಲಿಫೋನುಗಳು ಒಂದು ನಿಮಿಷದ ಕಾಲ ಸ್ತಬ್ಧವಾದುವು. ಆ ಯಂತ್ರದ ನಿರ್ಮಾತೃವಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ದೇಹವನ್ನು ಕೆನಡಾ ದೇಶದ ನೋವಾ ಸ್ಕೋಷಿಯಾ ಪ್ರಾಂತದಲ್ಲಿ ಮಣ್ಣುಗೂಡಿಸಿದ ಗಳಿಗೆ ಅದು. ಆದರೆ ಅವನ ಪತ್ನಿ ಮೇಬಲಳಿಗೆ ಆ ಮೌನದಲ್ಲಿ ಹೊಸತೇನೂ ಇರಲಿಲ್ಲ. ಐದನೆಯ ವಯಸ್ಸಿನಲ್ಲಿಯೇ ಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದ ಆಕೆ, ಗಂಡನಿಗೆ ಲೋಕವಿಖ್ಯಾತಿಯನ್ನು ತಂದ ಯಂತ್ರದಲ್ಲಿ ಒಂದು ಮಾತನ್ನಾದರೂ ಕೇಳಿದವಳಲ್ಲ.

ಬೆಲ್ಲನ ತಾಯಿಯೂ ಮಂದಶ್ರವಣೆ. ಇತರರು ಆಕೆಯ ಕಿವಿಗೊಳವೆಯಲ್ಲಿ ಗಟ್ಟಿಯಾಗಿ ಮಾತನಾಡುತ್ತಿದ್ದರೆ, ಬಾಲಕನಾದ ಬೆಲ್ಲನು ಆಕೆಯ ಹಣೆಯ ಬಳಿಗೆ ಬಾಯಿಯನ್ನು ತಂದು ತಗ್ಗುದನಿಯಲ್ಲಿ ನುಡಿಯುತ್ತಿದ್ದನು. ತಂದೆ ಮೆಲ್ವಿಲ್ ಬೆಲ್ಲನು ಉಚ್ಚಾರಣಶಾಸ್ತ್ರದಲ್ಲಿ ನಿಷ್ಣಾತ. ಒಂದೊಂದು ಧ್ವನಿಗೂ ನಾಲಗೆ, ತುಟಿ, ಗಂಟಲುಗಳು ನಿಲ್ಲುವ ನೆಲೆಯನ್ನು ತೋರಿಸುವ ‘ದೃಶ್ಯವಾಣಿ’ ಎಂಬ ಲಿಪಿಯನ್ನು ಕಟ್ಟಿದವನು. ಮಗನು 1871ರಲ್ಲಿ ಬಾಸ್ಟನ್ ನಗರದ ಕಿವುಡರ ಶಾಲೆಯಲ್ಲಿ ಈ ಲಿಪಿಯನ್ನು ಕಲಿಸತೊಡಗಿದನು. ಮಾತನ್ನು ಕಣ್ಣಿಗೆ ಕಾಣುವಂತೆ ಮಾಡಿದರೆ ಕಿವುಡ ಮಕ್ಕಳು ಅದನ್ನು ನೋಡಿ ಕಲಿತಾರೆಂಬುದೇ ಅವನ ಆಗಿನ ಚಿಂತೆ. ಅದಕ್ಕಾಗಿ 1874ರಲ್ಲಿ, ವೈದ್ಯಮಿತ್ರನೊಬ್ಬನು ತಂದುಕೊಟ್ಟ ಮೃತಮಾನವನ ಕಿವಿಯೊಂದನ್ನು ಯಂತ್ರಕ್ಕೆ ಅಳವಡಿಸಿ, ಅದರ ಎಲುಬಿಗೆ ಹುಲ್ಲುಕಡ್ಡಿಯನ್ನು ಅಂಟಿಸಿ, ಮಸಿ ಹಿಡಿಸಿದ ಗಾಜಿನ ಮೇಲೆ ಶಬ್ದದ ರೇಖೆಗಳನ್ನು ಬರೆಯಿಸಿದನು. ಕಾಗದದಷ್ಟು ತೆಳುವಾದ ಪೊರೆಯು ತನಗಿಂತ ಎಷ್ಟೋ ಭಾರವಾದ ಎಲುಬುಗಳನ್ನು ಅಲ್ಲಾಡಿಸಬಲ್ಲುದಾದರೆ, ದೊಡ್ಡದೊಂದು ಪೊರೆಯು ಕಬ್ಬಿಣದ ತುಂಡನ್ನೇಕೆ ಅಲ್ಲಾಡಿಸಬಾರದೆಂದು ಅವನಿಗೆ ಹೊಳೆಯಿತು. 1876ನೆಯ ಇಸವಿ ಮಾರ್ಚ್ 7ರಂದು ದೊರೆತ ಟೆಲಿಫೋನಿನ ಹಕ್ಕುಪತ್ರಕ್ಕೆ ಈ ಹೊಳಹೇ ಬೀಜ. ಕಿವುಡರಿಗೆ ಮಾತನ್ನು ತೋರಿಸಲೆಂದು ಹೊರಟವನು ಕೇಳುವವರಿಗೆ ಇನ್ನಷ್ಟು ದೂರದ ಮಾತನ್ನು ಕೇಳಿಸಿದನು.

ಅಲ್ಲಿಯವರೆಗೆ ಕಾಗದಪತ್ರಗಳೂ ತಂತಿಯ ವರ್ತಮಾನಗಳೂ ಕಿವುಡನಿಗೂ ಕಿವಿಯುಳ್ಳವನಿಗೂ ಒಂದೇ ಬಗೆಯಾಗಿದ್ದುವು. ಟೆಲಿಫೋನು ಅಂಗಡಿ, ಕಚೇರಿ, ಆಸ್ಪತ್ರೆಗಳಲ್ಲಿ ನೆಲೆಯೂರಿದಂತೆಲ್ಲ ಈ ಸಮಾನತೆ ಅಳಿಯಿತು. ವೈದ್ಯನನ್ನು ಕರೆಯಬೇಕಾದರೂ ಕಿವುಡನು ನೆರೆಮನೆಯವನ ಬಾಗಿಲು ತಟ್ಟಬೇಕು; ಇಲ್ಲವೇ ಮನೆಯ ಎಳೆಯ ಮಕ್ಕಳ ಬಾಯಿಂದ ತನ್ನ ಗುಟ್ಟುಗಳನ್ನು ಆಡಿಸಬೇಕು. ಯಂತ್ರದಿಂದ ಉಪಕಾರವೇ ಆಗಲಿಲ್ಲವೆಂದಲ್ಲ. ಅದರ ಇಂಗಾಲದ ಧ್ವನಿಪ್ರೇಷಕದಿಂದಲೇ 1898ರ ಸುಮಾರಿಗೆ ವಿದ್ಯುತ್ತಿನ ಶ್ರವಣಸಾಧನವು ಹುಟ್ಟಿತು. ಆ ಪ್ರೇಷಕವನ್ನು ಹದಕ್ಕೆ ತಂದವರಲ್ಲಿ ಪ್ರಮುಖನಾದ ಎಡಿಸನ್ನನು ತಾನೇ ಅರೆಗಿವುಡನಾಗಿದ್ದುದು ವಿಚಿತ್ರವಾದರೂ ನಿಜ. ಆದರೆ ಇದರ ಫಲ ದೊರೆತುದು ಅಷ್ಟಿಷ್ಟು ಕೇಳಬಲ್ಲವರಿಗೆ ಮಾತ್ರ. ಏನೂ ಕೇಳದವರಿಗೆ ಟೆಲಿಫೋನು 88 ವರ್ಷಗಳ ಕಾಲ ಗೋಡೆಯ ಮೇಲಿನ ಮರದ ಪೆಟ್ಟಿಗೆಯಾಗಿಯೇ ಉಳಿಯಿತು.

ಆ ಪೆಟ್ಟಿಗೆಯನ್ನು ತೆರೆದವರು ಕಿವುಡರೇ. ಕ್ಯಾಲಿಫೋರ್ನಿಯಾದ ಭೌತಶಾಸ್ತ್ರಜ್ಞ ರಾಬರ್ಟ್ ವೈಟ್‌ಬ್ರೆಕ್ಟನು ಹುಟ್ಟುಗಿವುಡ. ಹವ್ಯಾಸಕ್ಕಾಗಿ ರೇಡಿಯೋ ಮೂಲಕ ಬೆರಳಚ್ಚಿನ ಸಂದೇಶಗಳನ್ನು ಗೆಳೆಯರಿಗೆ ಕಳುಹಿಸುತ್ತಿದ್ದನು. ಪ್ಯಾಸಡೀನಾ ನಗರದ ದಂತವೈದ್ಯ ಜೇಮ್ಸ್ ಮಾರ್ಸ್ಟರ್ಸನೂ ಕಿವುಡನೇ. ರೇಡಿಯೋದಲ್ಲಿ ನಡೆಯುವುದು ಟೆಲಿಫೋನಿನ ತಂತಿಯಲ್ಲೇಕೆ ನಡೆಯಬಾರದೆಂದು ಅವನು ಕೇಳಿ, ಹಳೆಯದೊಂದು ತಂತಿಮುದ್ರಣಯಂತ್ರವನ್ನು ಸ್ನೇಹಿತನಿಗೆ ಒದಗಿಸಿದನು. ಆಂಡ್ರೂ ಸಾಕ್ಸ್ ಎಂಬ ಮತ್ತೊಬ್ಬ ಕಿವುಡ ವ್ಯಾಪಾರಿ ಅವರನ್ನು ಕೂಡಿಕೊಂಡನು. ತೊಡಕು ಯಂತ್ರದಲ್ಲಿರಲಿಲ್ಲ, ನಿಯಮದಲ್ಲಿದ್ದಿತು. ತನ್ನ ತಂತಿಗೆ ಅನ್ಯರ ಯಾವ ಉಪಕರಣವನ್ನೂ ಜೋಡಿಸಕೂಡದೆಂದು ಬೆಲ್ಲನ ಹೆಸರಿನ ಕಂಪೆನಿಯೇ ಕಟ್ಟಳೆ ಮಾಡಿದ್ದಿತು. ವೈಟ್‌ಬ್ರೆಕ್ಟನು ತಂತಿಯನ್ನು ಮುಟ್ಟಲೇ ಇಲ್ಲ. ಅಕ್ಷರದ ಸಂಜ್ಞೆಗಳನ್ನು 1400 ಮತ್ತು 1800 ಆವರ್ತನಗಳ ಎರಡು ಸ್ವರಗಳನ್ನಾಗಿ ಮಾರ್ಪಡಿಸಿ, ಟೆಲಿಫೋನಿನ ಹಿಡಿಯನ್ನು ಒಂದು ತೊಟ್ಟಿಲಿನಂತಹ ಪೀಠದಲ್ಲಿ ಮಲಗಿಸಿ, ಆ ಸ್ವರಗಳನ್ನು ಅದರ ಬಾಯಿಗೇ ಊದಿಸಿದನು. ಆಚೆಯ ಕಡೆಯ ಪೀಠವು ಸ್ವರಗಳನ್ನು ಕೇಳಿ ಮತ್ತೆ ಅಕ್ಷರಗಳನ್ನು ಅಚ್ಚೊತ್ತಿತು. 1964ರಲ್ಲಿ ಹೀಗೆ ಇಬ್ಬರು ಕಿವುಡರು ಪರಸಾಹಾಯ್ಯವಿಲ್ಲದೆ ಟೆಲಿಫೋನಿನಲ್ಲಿ ಸಂಭಾಷಿಸಿದರು. ಕಂಪೆನಿಗಳು ಬಿಸುಟಿದ್ದ ಹಳೆಯ ಮುದ್ರಣಯಂತ್ರಗಳನ್ನು ಕಿವುಡರು ಬೇಡಿ ತಂದು, ತಾವೇ ರಿಪೇರಿ ಮಾಡಿ, ಮನೆಯ ಮೂಲೆಗಳಲ್ಲಿ ನಿಲ್ಲಿಸಿಕೊಂಡರು. ಕರೆ ಬಂದರೆ ಗಂಟೆಗೆ ಬದಲಾಗಿ ದೀಪ ಮಿನುಗುತ್ತಿದ್ದಿತು. ಕೇಳುವವರೊಡನೆ ಮಾತಾಡಬೇಕಾದರೆ ಮಾತ್ರ ನಡುವೆ ಒಬ್ಬ ಮಧ್ಯಸ್ಥನು ಬೇಕೇ ಬೇಕು. ಈ ಮಧ್ಯಸ್ಥಸೇವೆಯನ್ನು ರಾಷ್ಟ್ರಾದ್ಯಂತ ಒದಗಿಸಬೇಕೆಂಬ ಶಾಸನವು ಅಮೆರಿಕಾದಲ್ಲಿ 1990ರಲ್ಲಿ ಹೊರಟಿತು.

1992ನೆಯ ಇಸವಿ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲನೆಯ ಎಸ್ಸೆಮ್ಮೆಸ್ ಸಂದೇಶವು ಹೋಯಿತು. ಅದನ್ನು ಕಲ್ಪಿಸಿದವರ ಮನಸ್ಸಿನಲ್ಲಿ ಯಾರಿದ್ದರೋ, ಕಿವುಡರಿಗಂತೂ ಅದು ಹೇಳಿಮಾಡಿಸಿದಂತಾಯಿತು. ಸ್ಮಾರ್ಟ್‌ಫೋನು ಬಂದ ಮೇಲೆ ಕ್ಯಾಮರಾವೂ ಜೊತೆಗೂಡಿತು; 2010ರ ಈಚೆಗೆ ಮುಖಾಮುಖಿ ಚಿತ್ರಸಂಭಾಷಣೆಯು ಸಾಮಾನ್ಯವಾಗುತ್ತ, ಸಂಜ್ಞಾಭಾಷೆಯ ಕೈಗಳು ದೂರದೇಶಗಳಿಗೆ ಕಾಣಿಸತೊಡಗಿದುವು. ಬೆಲ್ಲನು ಇದನ್ನು ಮೆಚ್ಚುತ್ತಿದ್ದನೆಂದು ಹೇಳುವಂತಿಲ್ಲ. ಕಿವುಡರು ತುಟಿಯನ್ನೋದಿ ಬಾಯಿಂದಲೇ ಮಾತನಾಡಬೇಕು, ಸಂಜ್ಞೆಯನ್ನು ಬಿಡಬೇಕು ಎಂಬ ಪಕ್ಷಕ್ಕೆ ಅವನು ಹಿರಿಯ ಆಧಾರವಾಗಿದ್ದನು. ಕಿವುಡರು ಕಿವುಡರನ್ನೇ ಮದುವೆಯಾಗುವುದನ್ನೂ ಒಪ್ಪಿದವನಲ್ಲ. ಅನೇಕ ಕಿವುಡರು ಇದನ್ನು ಇಂದಿಗೂ ಮನ್ನಿಸಿಲ್ಲ.

ಬೆಲ್ಲನ ಮೊದಲಿನ ಬಯಕೆ, ಅಂದರೆ ಮಾತನ್ನು ಕಾಣಿಸುವುದು, 2019ರ ಫೆಬ್ರವರಿಯಲ್ಲಿ ಇನ್ನೊಂದು ರೂಪದಲ್ಲಿ ಕೈಗೂಡಿತು. ಗೂಗಲ್ ಸಂಸ್ಥೆಯ ವಿಜ್ಞಾನಿ ಡಿಮಿಟ್ರಿ ಕನೆವ್‌ಸ್ಕಿಯವರು ಶೈಶವದಿಂದಲೇ ಕಿವುಡರು. ಸಭೆಗಳಲ್ಲಿ ಇತರರ ಮಾತನ್ನು ಬರೆದು ತೋರಿಸುವ ಶೀಘ್ರಲಿಪಿಕಾರರನ್ನು ಅವರು ಮೊದಲೇ ಗೊತ್ತುಮಾಡಿಕೊಳ್ಳಬೇಕಾಗಿದ್ದಿತು. ದಾರಿಯಲ್ಲಿ ಎದುರಾದವನೊಡನೆ ಹರಟುವುದಕ್ಕೆ ಅಂತಹವರನ್ನು ಎಲ್ಲಿಂದ ತರುವುದು? ಸಹೋದ್ಯೋಗಿ ಚೆಟ್ ನೆಗಿಯವರು ಈ ಕಷ್ಟವನ್ನು ಕಂಡು ಕೈಹಾಕಿದ ಕೆಲಸದಿಂದ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಸಾಧನವು ಹುಟ್ಟಿತು. ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾನಿಲಯ, ಅಂದರೆ ಕಿವುಡರಿಗಾಗಿಯೇ ಉಳ್ಳ ಪ್ರಖ್ಯಾತ ವಿದ್ಯಾಪೀಠ, ಇದಕ್ಕೆ ನೆರವಾಯಿತು. ಫೋನು ಎದುರಿನವನ ಮಾತನ್ನು ಆಲಿಸಿ, ಅಂತರ್ಜಾಲದ ಮೂಲಕ ದೂರದ ಗಣಕಗಳಿಗೆ ಕಳುಹಿಸಿ, ಅಕ್ಷರಗಳನ್ನು ತೆರೆಯ ಮೇಲೆ ಹರಿಯಿಸುತ್ತದೆ. ಆರಂಭದಲ್ಲಿಯೇ ಅದು 70ಕ್ಕೂ ಮಿಕ್ಕ ಭಾಷೆಗಳನ್ನು ಬಲ್ಲುದಾಗಿದ್ದಿತು.

ಗೂಗಲ್ಲಿನ ಧ್ವನಿಬರವಣಿಗೆಗೆ ಕನ್ನಡವು ಸೇರಿದುದು 2017ರಲ್ಲಿ. ಕನ್ನಡಿಗನಿಗೆ ಇದರ ಬೆಲೆಯನ್ನು ತಿಳಿಯಲು ಕನ್ನಡಿಯೊಂದು ಸಾಕು. ಅದರ ಮುಂದೆ ದನಿಯಿಲ್ಲದೆ ‘ಪರ’, ‘ಬರ’, ‘ಮರ’ ಎಂದು ನುಡಿದರೆ ತುಟಿಗಳ ಚಲನೆಯಲ್ಲಿ ಭೇದ ಕಾಣುವುದಿಲ್ಲ. ತುಟಿಯೋದಿನಿಂದ ಬದುಕುವವನು ದಿನವೆಲ್ಲ ಊಹೆಯಿಂದಲೇ ನಡೆಯಬೇಕು. ಅಕ್ಷರವು ಈ ಮೂರನ್ನೂ ಬೇರ್ಪಡಿಸುತ್ತದೆ. ಆದರೆ ‘ಬರುತ್ತೇನೆ’ ಎಂಬ ಗ್ರಂಥಸ್ಥ ರೂಪವು ಮೈಸೂರಿನಲ್ಲಿ ‘ಬರ್ತೀನಿ’, ಧಾರವಾಡದಲ್ಲಿ ‘ಬರ್ತೇನಿ’. ಮನೆಮಾತಿನ ಈ ವೈವಿಧ್ಯದ ಮುಂದೆ, ಅದರಲ್ಲಿಯೂ ನಾಲ್ವರು ಒಮ್ಮೆಲೇ ಮಾತನಾಡುವ ಊಟದ ಪಂಕ್ತಿಯಲ್ಲಿ, ಯಂತ್ರವು ತಪ್ಪುತ್ತದೆ. ಓದುಬಾರದ ಮುದುಕಿಗೆ ತೆರೆಯ ಮೇಲಿನ ಅಕ್ಷರವೂ ಮೌನವೇ.

ಅಷ್ಟಿಷ್ಟು ಕೇಳುವವರ ಪಾಲಿಗೂ ಫೋನು ಈಗ ಒಲಿದಿದೆ. ಮೊದಮೊದಲು ಮೊಬೈಲನ್ನು ಕಿವಿಗಿಟ್ಟರೆ ಶ್ರವಣಸಾಧನದಲ್ಲಿ ಗುಂಯ್‌ಗುಡುವ ಸದ್ದು ಏಳುತ್ತಿದ್ದಿತು. 2014ರಿಂದ ಈಚೆಗೆ ಕರೆಯ ದನಿಯನ್ನು ಫೋನಿನಿಂದ ನೇರವಾಗಿ ಪಡೆಯುವ ಸಾಧನಗಳು ಬಂದಿವೆ. 2016ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ, ಗದ್ದಲದ ನಡುವೆ ಅಂಕಿಗಳನ್ನು ಕೇಳಿಸಿ ಕಿವಿಯನ್ನು ಪರೀಕ್ಷಿಸುವ ಸಾಧನಗಳು ಹೊರಟುವು. 2024ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪೆನಿಯ ಕಿವಿಯುಲಿಗಳನ್ನೇ ಶ್ರವಣಸಾಧನವಾಗಿ ಬಳಸಲು ಅಮೆರಿಕಾದ ಔಷಧ ನಿಯಂತ್ರಣಾಲಯವು ಒಪ್ಪಿತು. ಆದರೆ ಅದು ಪ್ರಾಯಕ್ಕೆ ಬಂದವರ ಅಲ್ಪ ಮತ್ತು ಮಧ್ಯಮ ಶ್ರವಣನಷ್ಟಕ್ಕೆ ಮಾತ್ರ. ಮಾತು ಕಲಿಯುವ ವಯಸ್ಸಿನ ಮಗುವನ್ನು ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆಗೆ ಕರೆದೊಯ್ಯಬೇಕಾದುದು ಮೊದಲಿನಂತೆಯೇ ಉಳಿದಿದೆ. ಅಲ್ಲಿ ಮಗುವಿನ ಎದುರು ಕುಳಿತು ನುಡಿಸುವವರು ಮನುಷ್ಯರೇ.